ಹೊಸ ಅಕ್ರಿಲಿಕ್ ಶೋಕೇಸ್‌ಗೆ ಸ್ಪಿರಿಟ್ ಹಚ್ಚುವ ಮುಂಚೆ ಇದನ್ನು ಓದಿ

ಧಾರವಾಡದಲ್ಲಿ ನಮ್ಮದೊಂದು ಸಣ್ಣ ಪೇಡೆ ಅಂಗಡಿ ಇದೆ. ದಸರೆಗೆ ಅಂತ ಹುಬ್ಬಳ್ಳಿಯ ಒಂದು ವರ್ಕ್‌ಶಾಪ್‌ನಲ್ಲಿ ಅಕ್ರಿಲಿಕ್ (ಗಾಜಿನಂತೆ ಕಾಣುವ ಪ್ಲಾಸ್ಟಿಕ್) ಶೋಕೇಸ್ ಮಾಡಿಸಿದೆ. 5 ಮಿ.ಮೀ. ಹಾಳೆ, ಲೇಸರ್‌ನಲ್ಲಿ ಕತ್ತರಿಸಿ, ಕಾಯಿಸಿ ಬಗ್ಗಿಸಿದ್ದು. ಬೇಗ ಬೇಕು ಅಂತ ಅವಸರ ಮಾಡಿದವಳು ನಾನೇ. ಬಗ್ಗಿಸಿದ ಕೂಡಲೇ ಹುಡುಗರು ಹಸಿ ಬಟ್ಟೆ ಒತ್ತಿ ಆರಿಸಿಬಿಟ್ಟರು. "ಸ್ಪಿರಿಟ್ ಹಚ್ಚಿ ಒರಸ್ರಿ ಅಕ್ಕಾರ, ಏನೂ ಆಗಂಗಿಲ್ಲ" ಅಂದರು.

ಒರೆಸಿದೆ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿರುಕು. ಸಂಜೆ ಹೊತ್ತಿಗೆ ಬಾಗಿದ ಜಾಗವೂ ಬೆಳ್ಳಗಾಗಿ ಸೀಳಿತು. ಎಲ್ಲೂ ಪೆಟ್ಟು ಬಿದ್ದಿರಲಿಲ್ಲ. ಅಂದು ನನಗೆ ಅಳುವೇ ಬಂತು.

ಆಮೇಲೆ ಅಚ್ಚು ಮಾಡುವ ಹಿರಿಯರೊಬ್ಬರು ಅಂಚು ಸವರಿ ನೋಡಿ, "ಒಳಗ ಜಗ್ಗಾಟ ಉಳದೈತ್ರೀ" ಅಂದರು. ಚಿಕ್ಕಿ ಪಾಕ ನೋಡಿದ್ದೀರಲ್ವಾ? ಬಿಸಿ ಇದ್ದಾಗ ಜಗ್ಗಿದಂತೆ ಸಾಗುತ್ತದೆ, ಆರಿದ ಮೇಲೆ ಟಣ್ ಅಂತ ಒಡೆಯುತ್ತದೆ. ಅಕ್ರಿಲಿಕ್ ಕೂಡ ಹಾಗೇ. ಸುಮಾರು 105 ಡಿಗ್ರಿಗಿಂತ ಬಿಸಿ ಇದ್ದಾಗ ಒಳಗಿನ ಎಳೆತ ತಾನಾಗಿಯೇ ಸಡಿಲವಾಗುತ್ತದೆ. ಅದಕ್ಕಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ, ಆದರೂ ಕುಗ್ಗುವುದು ನಿಲ್ಲುವುದಿಲ್ಲ. ಅಲ್ಲಿಂದ ಕೋಣೆಯ ಬಿಸಿಗೆ ಇಳಿಯುವಷ್ಟರಲ್ಲಿ ಒಂದು ಮೀಟರ್ ಉದ್ದಕ್ಕೆ ಸುಮಾರು 5 ಮಿ.ಮೀ. ಕುಗ್ಗಬೇಕು. ಕಾಯಿಸಿದ್ದು ಒಂದು ಪಟ್ಟಿ ಮಾತ್ರ. ಅದು ಕುಗ್ಗಲು ಹೋದರೆ ಅಕ್ಕಪಕ್ಕದ ತಣ್ಣನೆಯ ಹಾಳೆ ಬಿಡುವುದಿಲ್ಲ. ಆ ಜಗ್ಗಾಟ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಲೇಸರ್ ಕರಗಿಸಿದ ಅಂಚಿನಲ್ಲೂ ಇದೇ ಕತೆ. ಹಸಿ ಬಟ್ಟೆ ಇದನ್ನು ಇನ್ನೂ ಜಾಸ್ತಿ ಮಾಡಿತು. ಹಾಗೆ ಬಿಗಿದುಕೊಂಡ ಜಾಗಕ್ಕೆ ಸ್ಪಿರಿಟ್ ಇಳಿದರೆ ಬಿರುಕು ಬಾಯಿ ತೆರೆಯುತ್ತದೆ. ಸ್ಯಾನಿಟೈಸರ್, ತಿನ್ನರ್ ಕೂಡ ಬೇಡ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಮಾಡಿಸುವಾಗ ಒಂದು ಮಾತು ಕೇಳಿ: ಕತ್ತರಿಸಿ ಬಗ್ಗಿಸಿದ ಮೇಲೆ ಓವನ್‌ನಲ್ಲಿ ಅನೀಲ್ ಮಾಡುತ್ತೀರಾ? ಅಂದರೆ ಒಳಗಿನ ಜಗ್ಗಾಟ ನಿಧಾನವಾಗಿ ಸಡಿಲವಾಗಲಿ ಅಂತ 80 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟು, ಬಾಗಿಲು ತೆಗೆಯದೆ ನಿಧಾನವಾಗಿ ಆರಲು ಬಿಡುವುದು. ಅಂಟು ಹಾಕುವ ಮೊದಲೇ ಇದಾಗಬೇಕು, ಅಂಟೂ ಅದೇ ರೀತಿ ಬಿರುಕು ತರಬಹುದು. ಇಲ್ಲ ಅಂದರೆ ಬೇರೆ ಕಡೆ ಹೋಗಿ. ಒಂದು ದಿನ ತಡವಾದರೂ ಪರವಾಗಿಲ್ಲ.

ಎರಡನೇ ಶೋಕೇಸ್ ಹಾಗೆ ಮಾಡಿಸಿದ್ದೇನೆ, ಚೆನ್ನಾಗಿದೆ. ಸೀಳಿದ ಹಾಳೆಯನ್ನೂ ಎಸೆದಿಲ್ಲ. ಆರ್ಡರ್ ಕೊಡುವ ಮುಂಚೆ ಯಾರಾದರೂ ನೋಡಬೇಕು ಅಂದರೆ ತೋರಿಸುತ್ತೇನೆ.