ಮಣ್ಣಿನಲ್ಲಿ ಹುಳದ ಮೊಟ್ಟೆ ಹುಡುಕಲು: ತೇಲಿಸುವುದಾ, ಬೇರ್‌ಮನ್ ಫನಲ್ಲಾ, ಪಿಸಿಆರಾ?

ಮಲದ ಸ್ಯಾಂಪಲ್‌ನಲ್ಲಿ ಜಂತುಹುಳದ ಮೊಟ್ಟೆ ಹುಡುಕುವುದಕ್ಕೆ ಒಂದು ಸ್ಲೈಡು, ಒಂದು ಹನಿ ಅಯೋಡಿನ್ ಸಾಕಾಗಿಬಿಡುತ್ತದೆ. ಮಣ್ಣು ಹಾಗಲ್ಲ. ಮೊಟ್ಟೆ ಕಡಿಮೆ, ಕಸ ಜಾಸ್ತಿ. ಸಾಲದ್ದಕ್ಕೆ ಮೊಟ್ಟೆಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡು ಕೂತಿರುತ್ತವೆ. ಒಂದೇ ಮಣ್ಣನ್ನು ಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ವಿಧಾನಕ್ಕೆ ಹಾಕಿ ನೋಡಿದ ಮೇಲೆ ನಾನು ಹೇಳುವುದು ಇಷ್ಟು: ಯಾವ ಉಪ್ಪು, ಯಾವ ಮಷಿನ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಮಣ್ಣನ್ನು ಸರಿಯಾಗಿ ತೊಳೆಯಿರಿ.

ತೊಳೆಯುವುದು ಎಂದರೆ ಬರೀ ನೀರಲ್ಲಿ ಅಲ್ಲ. ನೀರಿಗೆ ಶೇ. 0.1ರಷ್ಟು ಟ್ವೀನ್ 80 (ಸೋಪಿನಂತೆ ಅಂಟು ಬಿಡಿಸುವ ದ್ರವ) ಹಾಕಿ, ಮಣ್ಣನ್ನು ನೆನೆಸಿ, ಚೆನ್ನಾಗಿ ಕುಲುಕಿ, ಆಮೇಲೆ ಜರಡಿ ಹಿಡಿಯಬೇಕು. ಜರಡಿಯ ಕಣ್ಣು 150 ಮೈಕ್ರಾನ್ ಇದ್ದರೆ ನಮಗೆ ಬೇಕಾದ ಮೊಟ್ಟೆಗಳೆಲ್ಲ ಕೆಳಗೆ ಇಳಿಯುತ್ತವೆ, ಬೇರು, ಕಲ್ಲು ಮೇಲೆ ಉಳಿಯುತ್ತವೆ. ಮರಳು ಮಣ್ಣು ಬೇಗ ಬಿಟ್ಟುಕೊಡುತ್ತದೆ. ಜೇಡಿಮಣ್ಣು ಮಾತ್ರ ಹಟಮಾರಿ. ಶುದ್ಧ ಮಣ್ಣಿಗೆ ಎಣಿಸಿದ ಮೊಟ್ಟೆಗಳನ್ನು ನಾವೇ ಸೇರಿಸಿ, ವಾಪಸ್ ಎಷ್ಟು ಸಿಕ್ಕವು ಎಂದು ಎಣಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಈ ಪರೀಕ್ಷೆ ಮಾಡದೆ "ಈ ಮಣ್ಣಲ್ಲಿ ಮೊಟ್ಟೆ ಇಲ್ಲ" ಎಂದು ಬರೆದ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ.

ಇನ್ನು ತೇಲಿಸುವ ವಿಧಾನ. ಇದರ ಲೆಕ್ಕಾಚಾರ ಸರಳ. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಮರಳಿನದು ಸುಮಾರು 2.65. ದುಂಡುಹುಳ, ಕೊಕ್ಕೆಹುಳ, ಚಾಟಿಹುಳಗಳ ಮೊಟ್ಟೆ 1.05ರಿಂದ 1.15ರ ಆಸುಪಾಸು. ನಡುವಿನ ಸಾಂದ್ರತೆಯ ದ್ರಾವಣಕ್ಕೆ ಹಾಕಿ ಸೆಂಟ್ರಿಫ್ಯೂಜ್ ತಿರುಗಿಸಿದರೆ ಮಣ್ಣು ತಳಕ್ಕೆ, ಮೊಟ್ಟೆ ಮೇಲಕ್ಕೆ. ಜಗಳ ಶುರುವಾಗುವುದು ಯಾವ ದ್ರಾವಣ ಎಂಬಲ್ಲಿ.

ಅಡುಗೆ ಉಪ್ಪಿನ ಪರ್ಯಾಪ್ತ ದ್ರಾವಣ 1.20ಕ್ಕೆ ನಿಲ್ಲುತ್ತದೆ. ಎಲ್ಲಕ್ಕಿಂತ ಅಗ್ಗ. ಆದರೆ ಸ್ಲೈಡಿನ ಅಂಚು ಒಣಗುತ್ತಿದ್ದಂತೆ ಹರಳು ಕಟ್ಟುತ್ತದೆ, ಹೊತ್ತು ಹೋದಂತೆ ಮೊಟ್ಟೆ ಕುಗ್ಗಿ ಆಕಾರ ಕೆಡುತ್ತದೆ. ಜಿಂಕ್ ಸಲ್ಫೇಟನ್ನೂ 1.20ಕ್ಕೆ ಮಾಡಿಕೊಳ್ಳಬಹುದು, ನೋಟ ಇನ್ನಷ್ಟು ತಿಳಿ. ಸಕ್ಕರೆ ಪಾಕ 1.27ರವರೆಗೆ ಹೋಗುತ್ತದೆ, ಮೊಟ್ಟೆಯ ಆಕಾರವನ್ನೂ ಹೆಚ್ಚು ಹೊತ್ತು ಕಾಪಾಡುತ್ತದೆ. ಆದರೆ ಕೈ, ಪಿಪೆಟ್, ಮೈಕ್ರೋಸ್ಕೋಪಿನ ಸ್ಟೇಜ್ ಎಲ್ಲ ಅಂಟಂಟು. ಸ್ವಲ್ಪ ಫಾರ್ಮಾಲಿನ್ ಹಾಕದಿದ್ದರೆ ಬೂಷ್ಟು ಬೇರೆ. ದಿನಬಳಕೆಗೆ ನನ್ನ ಓಟು ಜಿಂಕ್ ಸಲ್ಫೇಟಿಗೆ. ಲಾಡಿಹುಳದ ಮೊಟ್ಟೆಯೋ, ಫಲಿತವಾಗದ ದುಂಡುಹುಳದ ಮೊಟ್ಟೆಯೋ ಇರಬಹುದು ಅನ್ನಿಸಿದರೆ ಮಾತ್ರ ಸಕ್ಕರೆ. ಅವು ಭಾರ, 1.20ರಲ್ಲಿ ಸರಿಯಾಗಿ ತೇಲುವುದಿಲ್ಲ. ದ್ರಾವಣ ಯಾವುದೇ ಇರಲಿ, ಪ್ರತಿ ಸಲ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿ. ಬಾಟಲಿ ಮೇಲಿನ ಚೀಟಿಯನ್ನು ನಂಬಿ ಕೂರಬೇಡಿ.

ತೇಲಿದ್ದೆಲ್ಲ ಮೊಟ್ಟೆಯಲ್ಲ. ಪರಾಗ, ಶಿಲೀಂಧ್ರದ ಬೀಜಕ, ನುಸಿಯ ಮೊಟ್ಟೆ ಎಲ್ಲ ಜೊತೆಗೇ ಬರುತ್ತವೆ. ಚಾಟಿಹುಳದ್ದು ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯ ಹಾಗೆ, ಗುರುತು ತಪ್ಪುವುದಿಲ್ಲ. ದುಂಡುಹುಳದ್ದು ಕಂದು ಬಣ್ಣ, ಮೈಯೆಲ್ಲ ಉಬ್ಬುತಗ್ಗು. ಆದರೆ ಮಣ್ಣಲ್ಲಿ ಬಿದ್ದು ತಿಂಗಳುಗಟ್ಟಲೆ ಇದ್ದಾಗ ಆ ಹೊರಪದರ ಕಳಚಿ ನುಣುಪಾಗಿರುವುದೂ ಉಂಟು. ಆಗ ಹಳಬರೇ ತಡವರಿಸುತ್ತಾರೆ. ನಾಯಿ, ಬೆಕ್ಕುಗಳ ಕರುಳಲ್ಲಿರುವ ಟಾಕ್ಸೊಕ್ಯಾರಾ ಎಂಬ ಹುಳದ ಮೊಟ್ಟೆ ಸುಮಾರು ದುಂಡಗೆ, ಮೇಲ್ಮೈ ತುಂಬ ಸಣ್ಣ ಗುಳಿಗಳು. ನಾಯಿಯದೋ ಬೆಕ್ಕಿನದೋ ಎಂದು ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ.

ತೇಲಿಸದೆ ಬರೀ ತಳಕ್ಕೆ ಇಳಿಸಿ ನೋಡುವ ವಿಧಾನ ಮಣ್ಣಿಗೆ ಸುಮ್ನೆ ದಂಡ. ತಳದಲ್ಲಿ ಮಣ್ಣೇ ತುಂಬಿರುತ್ತದಲ್ವಾ?

ಬೇರ್‌ಮನ್ ಫನಲ್‌ನ ಕೆಲಸವೇ ಬೇರೆ. 1917ರಲ್ಲಿ ಪ್ರಕಟವಾದ ಉಪಾಯ, ಇವತ್ತಿಗೂ ನಡೆಯುತ್ತಿದೆ. ಫನಲ್ಲಿನ ಬುಡಕ್ಕೆ ರಬ್ಬರ್ ಕೊಳವೆ, ಕೊಳವೆಗೆ ಕ್ಲಿಪ್. ಮೇಲೆ ಬಟ್ಟೆಯಲ್ಲಿ ಕಟ್ಟಿದ ಮಣ್ಣು, ಮಣ್ಣಿಗೆ ತಾಗುವಷ್ಟು ಬೆಚ್ಚನೆಯ ನೀರು. ಜೀವಂತ ಮರಿಗಳು ನೀರಿಗೆ ಹೊರಬರುತ್ತವೆ, ಮೇಲೆ ಈಜಲಾರದೆ ಕೆಳಗೆ ಕೂಡುತ್ತವೆ. ಬೆಳಿಗ್ಗೆ ಕ್ಲಿಪ್ ಸಡಿಲಿಸಿ ಕೆಲವು ಮಿಲಿಲೀಟರ್ ಇಳಿಸಿಕೊಂಡರೆ ಆಯಿತು. ಕೊಕ್ಕೆಹುಳ, ಸ್ಟ್ರಾಂಜಿಲಾಯ್ಡಿಸ್ (ಕರುಳಿನ ಸಣ್ಣ ದಾರದಂಥ ಹುಳ) ಮರಿಗಳಿಗೆ ಇದನ್ನು ಬಿಟ್ಟರೆ ಇಲ್ಲ. ತೊಂದರೆ ಏನೆಂದರೆ ಮಣ್ಣಲ್ಲಿ ತಮ್ಮ ಪಾಡಿಗೆ ಬದುಕುವ ನಿರುಪದ್ರವಿ ಹುಳುಗಳೂ ಇದರಲ್ಲೇ ಇಳಿಯುತ್ತವೆ. ಬಾಲ ನೋಡಬೇಕು: ಸೋಂಕು ತಗುಲಿಸುವ ಹಂತದ ಸ್ಟ್ರಾಂಜಿಲಾಯ್ಡಿಸ್‌ಗೆ ಬಾಲದ ತುದಿಯಲ್ಲಿ ಸಣ್ಣ ಕಚ್ಚು, ಕೊಕ್ಕೆಹುಳಕ್ಕೆ ಚೂಪು ಬಾಲ, ಮೈಮೇಲೆ ಪೊರೆ. ಮೊಟ್ಟೆಗೆ ಈ ಫನಲ್ ಪ್ರಯೋಜನವಿಲ್ಲ, ಅದು ನಡೆದು ಬರುವುದಿಲ್ಲ.

ಪಿಸಿಆರ್ ಎಂದರೆ ಡಿಎನ್‌ಎ ತುಣುಕನ್ನು ಯಂತ್ರದಲ್ಲಿ ಮತ್ತೆ ಮತ್ತೆ ನಕಲು ಮಾಡಿ ಗುರುತಿಸುವ ಪರೀಕ್ಷೆ. ಇದರ ಬಗ್ಗೆ ಹೊಗಳಿಕೆ ಜಾಸ್ತಿ. ಅರ್ಧ ನಿಜ. ಟಾಕ್ಸೊಕ್ಯಾರಾ ನಾಯಿಯದೋ ಬೆಕ್ಕಿನದೋ ಎಂದು ಖಚಿತವಾಗಿ ಹೇಳುವುದು ಅದೇ. ಆದರೆ ದುಂಡುಹುಳದ ಮೊಟ್ಟೆಯ ಕವಚ ಗಟ್ಟಿ. ಸಣ್ಣ ಮಣಿಗಳ ಜೊತೆ ಕುಲುಕಿ ಒಡೆಯದೆ ಡಿಎನ್‌ಎ ಸರಿಯಾಗಿ ಹೊರಬರುವುದಿಲ್ಲ. ಮಣ್ಣಿನ ಹ್ಯೂಮಿಕ್ ಆಮ್ಲ ಬೇರೆ ಕಾಟ, ನಕಲು ಮಾಡುವ ಪಾಲಿಮರೇಸ್ ಕಿಣ್ವವನ್ನೇ ತಡೆದುಬಿಡುತ್ತದೆ. ಆಗ ಯಂತ್ರ ನೆಗೆಟಿವ್ ಎನ್ನುತ್ತದೆ, ಮೊಟ್ಟೆ ಅಲ್ಲೇ ಇರುತ್ತದೆ. ಗೊತ್ತಿರುವ ಬೇರೊಂದು ಡಿಎನ್‌ಎಯನ್ನು ಪ್ರತಿ ಟ್ಯೂಬಿಗೂ ಸೇರಿಸಿ ಅದು ಬಂತಾ ಎಂದು ನೋಡಲೇಬೇಕು. ಬರದಿದ್ದರೆ ಡಿಎನ್‌ಎ ತೆಳುಮಾಡಿ ಅಥವಾ ಬೋವೈನ್ ಸೀರಮ್ ಆಲ್ಬುಮಿನ್ ಎಂಬ ಪ್ರೋಟೀನ್ ಹಾಕಿ ಮತ್ತೆ ಓಡಿಸಿ. ಮಣ್ಣನ್ನು ನೇರವಾಗಿ ಡಿಎನ್‌ಎ ತೆಗೆಯುವ ಕಿಟ್‌ಗೆ ಹಾಕುವುದಕ್ಕಿಂತ, ಮೊದಲು ತೇಲಿಸಿ, ತೇಲಿದ್ದನ್ನು ತೊಳೆದು ಪಿಸಿಆರ್‌ಗೆ ಕೊಟ್ಟಾಗಲೇ ನನಗೆ ನೆಚ್ಚಿಕೊಳ್ಳುವಂಥ ಫಲಿತಾಂಶ ಬಂದಿದೆ. ಕಿಟ್‌ಗೆ ಹಿಡಿಸುವುದು ಚಿಟಿಕೆ ಮಣ್ಣು, ತೇಲಿಸುವಾಗ ಹತ್ತಾರು ಗ್ರಾಂ ಬಳಸಬಹುದು.

ಇನ್ನೊಂದು ವಿಷಯ. ಸತ್ತ ಮೊಟ್ಟೆಯ ಡಿಎನ್‌ಎಯನ್ನೂ ಪಿಸಿಆರ್ ಪಾಸಿಟಿವ್ ಎಂದೇ ತೋರಿಸುತ್ತದೆ. ಬದುಕಿದೆಯಾ ಎಂದು ತಿಳಿಯಬೇಕಾದರೆ ತೇಲಿಸಿ ತೆಗೆದ ಮೊಟ್ಟೆಗಳನ್ನು 28 ಡಿಗ್ರಿಯಲ್ಲಿ ಮೂರು ನಾಲ್ಕು ವಾರ ಇಟ್ಟು, ಒಳಗೆ ಮರಿ ಬೆಳೆಯಿತಾ ಎಂದು ಕಾಯಬೇಕು. ಹಾಗಾಗಿ ಸ್ಯಾಂಪಲ್ ಬಂದ ದಿನವೇ ಪಾಲು ಮಾಡಿಬಿಡಿ. ಮೊಟ್ಟೆ ಹುಡುಕಲು ಇಡುವ ಪಾಲು ಫ್ರಿಜ್‌ನಲ್ಲಿ 4 ಡಿಗ್ರಿಗೆ, ಪಿಸಿಆರ್ ಪಾಲು ಫ್ರೀಜರ್‌ಗೆ. ಫನಲ್‌ಗೆ ಹೋಗುವ ಪಾಲನ್ನು ಎರಡಕ್ಕೂ ಹಾಕದೆ ಅದೇ ದಿನ ಕಟ್ಟಿ. ತಣ್ಣಗಾದರೆ ಮರಿಗಳು ಸಾಯುತ್ತವೆ, ಸತ್ತ ಮರಿ ಬಟ್ಟೆ ದಾಟಿ ಬರುವುದಿಲ್ಲ.