ಚಂತಾಬುರಿಯ ಕಪ್ಪು ನಕ್ಷತ್ರ ನೀಲ: ಒಂದು ವರ್ಷ ಬೆರಳಲ್ಲಿ ಇಟ್ಟುಕೊಂಡ ಮೇಲೆ

ಇದು ನನ್ನ ಎರಡನೇ ಕಪ್ಪು ನೀಲ (ಸಫೈರ್), ಬೆಳಕು ಬಿಟ್ಟರೆ ಮೈಮೇಲೆ ನಕ್ಷತ್ರ ಮೂಡುವ ಕಲ್ಲು, ಥಾಯ್ಲೆಂಡಿನ ಚಂತಾಬುರಿಯಲ್ಲಿ ಕೊಂಡದ್ದು. ಮೊದಲನೆಯದು ನೀಲವೇ ಅಲ್ಲ ಅಂತ ಗೊತ್ತಾಗುವುದಕ್ಕೆ ಎಂಟು ತಿಂಗಳು ಹಿಡಿಯಿತು.

ಅದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ‘ಬ್ಲ್ಯಾಕ್ ಸ್ಟಾರ್ ಸಫೈರ್’, 8 ಕ್ಯಾರೆಟ್, 1,900 ರೂಪಾಯಿ. ಟಾರ್ಚ್ ಬಿಟ್ಟರೆ ನಕ್ಷತ್ರ ಚೆನ್ನಾಗಿಯೇ ಮೂಡುತ್ತಿತ್ತು, ಖುಷಿಯಲ್ಲಿ ನಾನು ಗೆರೆ ಎಣಿಸಲೇ ಇಲ್ಲ. ನಾಲ್ಕೇ ಗೆರೆ! ನೀಲದ ನಕ್ಷತ್ರಕ್ಕೆ ಆರು ಗೆರೆ, ಅಪರೂಪಕ್ಕೆ ಹನ್ನೆರಡು. ಕಪ್ಪು ಕಲ್ಲಿನಲ್ಲಿ ನಾಲ್ಕೇ ಕಂಡರೆ ಬಹುಮಟ್ಟಿಗೆ ಅದು ಡಯೊಪ್ಸೈಡ್, ತಮಿಳುನಾಡಿನ ನಾಮಕ್ಕಲ್ ಕಡೆ ಸಿಗುವ ಕಲ್ಲು. ವ್ಯಾಪಾರದಲ್ಲಿ ಅದಕ್ಕೆ ‘ಬ್ಲ್ಯಾಕ್ ಸ್ಟಾರ್ ಆಫ್ ಇಂಡಿಯಾ’ ಅನ್ನುವ ದೊಡ್ಡ ಹೆಸರೇ ಇದೆ. ಆ ಹೆಸರಿನಲ್ಲೇ ಮಾರಿದ್ದರೆ ನನಗೇನೂ ಬೇಜಾರಿರಲಿಲ್ಲ. ಹತ್ತರವರೆಗಿನ ಮೋಸ್ ಅಳತೆಯಲ್ಲಿ ನೀಲದ ಗಡಸುತನ 9, ಇದರದ್ದು 6ರ ಆಸುಪಾಸು. ಬೆಂಗಳೂರಿನ ಧೂಳಿನಲ್ಲಿರುವ ಮರಳೇ 7. ಬೈಕ್‌ನಲ್ಲಿ ಓಡಾಡುವ ನನ್ನ ಕೈಯಲ್ಲಿ ಎಂಟೇ ತಿಂಗಳಿಗೆ ಕಲ್ಲು ಮಂಕಾಗಿ, ಗೀರುಬಿದ್ದ ಹಳೇ ಗಡಿಯಾರದ ಗಾಜಿನ ಹಾಗಾಯಿತು.

ಹೋದ ವರ್ಷ ಆಫೀಸ್ ಕೆಲಸಕ್ಕೆ ಬ್ಯಾಂಕಾಕ್‌ಗೆ ಕಳಿಸಿದಾಗ ಶನಿವಾರ ಬೆಳಗ್ಗೆ ಎಕ್ಕಮಾಯ್ ನಿಲ್ದಾಣದಲ್ಲಿ ಬಸ್ ಹತ್ತಿದೆ. ಸುಮಾರು 250 ಕಿಲೋಮೀಟರ್, ನಾಲ್ಕು ಗಂಟೆ. ಚಂತಾಬುರಿಯ ಕಲ್ಲಿನ ಸಂತೆ ಜೋರಾಗುವುದು ವಾರದ ಕೊನೆಯಲ್ಲಿ, ಅದೂ ನಮ್ಮ ಕಡೆಯ ಸಂತೆಗೆ ಪೂರ್ತಿ ಉಲ್ಟಾ. ಕೊಳ್ಳುವವರು ಮೇಜು ಬಾಡಿಗೆಗೆ ಹಿಡಿದು ಕೂತಿರುತ್ತಾರೆ, ಮಾರುವವರೇ ಮಡಚಿದ ಕಾಗದದ ಪೊಟ್ಟಣ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುತ್ತಾರೆ. ಒಂದೇ ಕಲ್ಲು ಬೇಕಿದ್ದ ನನ್ನಂಥವನಿಗೆ ಮೇಜು ಯಾಕೆ? ಪಕ್ಕದ ಸಣ್ಣ ಅಂಗಡಿಗೆ ಹೋದೆ. ಗಂಡ ಸಾಣೆ ಹಿಡಿಯುವವನು, ಹೆಂಡತಿ ವ್ಯಾಪಾರ ನೋಡಿಕೊಳ್ಳುವವಳು. ಅವಳಿಗೆ ಬರುವ ಇಂಗ್ಲಿಷ್, ನನಗೆ ಬರುವ ಥಾಯ್, ಎರಡೂ ಅಷ್ಟಕ್ಕಷ್ಟೇ. ಕ್ಯಾಲ್ಕುಲೇಟರ್ ಇತ್ತು, ಸಾಕಾಯಿತು.

ಕಪ್ಪು ನಕ್ಷತ್ರದ ಕಲ್ಲಿಗೆ ಹೆಸರಾದದ್ದು ಊರಿಗೆ ಹತ್ತಿರದ ಬಾಂಗ್ ಕಚಾ, ಖಾವೊ ಪ್ಲೋಯ್ ವೇನ್ ಸುತ್ತಮುತ್ತ. ಹಳೇ ಜ್ವಾಲಾಮುಖಿಯ ಬಸಾಲ್ಟ್ ಬಂಡೆ ಮಳೆ ಬಿಸಿಲಿಗೆ ಸವೆದು ಆದ ಕೆಂಪು ಮಣ್ಣು ಅಲ್ಲಿಯದು, ಅದನ್ನು ಅಗೆದು ತೊಳೆದು ಕಲ್ಲು ಆರಿಸುತ್ತಾರೆ. ಈಗ ಗಣಿಗಾರಿಕೆ ತುಂಬ ಇಳಿದುಹೋಗಿದೆ, ಎಲ್ಲಿ ನೋಡಿದರೂ ಡುರಿಯನ್ ತೋಟ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಇಂಥದ್ದೇ ಬಸಾಲ್ಟ್ ನೆಲ, ಇಂಥದ್ದೇ ಕಲ್ಲು. ಅಲ್ಲಿ ಸಿಕ್ಕ 733 ಕ್ಯಾರೆಟ್‌ನ ‘ಬ್ಲ್ಯಾಕ್ ಸ್ಟಾರ್ ಆಫ್ ಕ್ವೀನ್ಸ್‌ಲ್ಯಾಂಡ್’ ಸಾಣೆಗೆ ಬೀಳುವ ಮೊದಲು ಎಷ್ಟೋ ವರ್ಷ ಒಂದು ಮನೆಯಲ್ಲಿ ಬಾಗಿಲಿಗೆ ಒತ್ತುಗಲ್ಲಾಗಿ ಬಿದ್ದಿತ್ತಂತೆ. ನಮ್ಮ ಅಜ್ಜಿ ಮನೆಯಲ್ಲೂ ಬಾಗಿಲಿಗೆ ಒಂದು ಕರಿಕಲ್ಲಿತ್ತು, ಸುಮ್ನೆ ನೆನಪಾಯಿತು.

ಬೆಂಕಿಯ ವಿಷಯ, ಅಂದರೆ ಕಲ್ಲನ್ನು ಕಾಯಿಸಿದ್ದಾರಾ ಅಂತ, ಕೇಳಲೇಬೇಕು ಅಂದುಕೊಂಡೇ ಹೋಗಿದ್ದೆ, ಯಾಕೆಂದರೆ ಚಂತಾಬುರಿ ಅಂದರೇ ಕುಲುಮೆ. 1970–80ರ ದಶಕಗಳಲ್ಲಿ ಆಸ್ಟ್ರೇಲಿಯಾದ ಕಡು ನೀಲಿ ಕಚ್ಚಾ ಕಲ್ಲನ್ನು ರಾಶಿಗಟ್ಟಲೆ ಇಲ್ಲಿಗೆ ತಂದು, ಕಾಯಿಸಿ ಬಣ್ಣ ತಿಳಿ ಮಾಡಿ, ಥಾಯ್ ಕಲ್ಲು ಅಂತಲೇ ಮಾರಿದ್ದೂ ಉಂಟು. ಕಪ್ಪು ನಕ್ಷತ್ರಕ್ಕೆ ಸಾಮಾನ್ಯವಾಗಿ ಆ ಗೋಜು ಇಲ್ಲ. ಕಪ್ಪನ್ನು ತಿಳಿ ಮಾಡಿ ಏನು ಪ್ರಯೋಜನ? ಅದರ ಬದಲು ಇದರಲ್ಲಿ ಬೇರೆ ಕೈಚಳಕ ನಡೆಯುತ್ತದೆ, ಅದು ನನಗೆ ತಿಳಿದದ್ದು ವಾಪಸ್ ಬಂದ ಮೇಲೆ.

ಗಂಡ ಕೆಲಸ ಮಾಡುವುದನ್ನು ಅರ್ಧ ಗಂಟೆ ನಿಂತು ನೋಡಿದೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ. ಕಚ್ಚಾ ಕಲ್ಲು ನೋಡಲು ಬೆಲ್ಲದ ಪುಡಿಯುಂಡೆ ಹಾಗೆ, ಕಂದು ಕಪ್ಪು. ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಟಾರ್ಚ್ ಹಿಡಿದು ಮೆಲ್ಲಗೆ ಹೊರಳಿಸಿದ. ಒಂದು ಕಡೆ ಎಣ್ಣೆಯೊಳಗೆ ನಕ್ಷತ್ರ ಮಸುಕಾಗಿ ಮಿಣುಕಿತು. ಅಲ್ಲೇ ಗುರುತು ಹಾಕಿ, ಕಡ್ಡಿಯ ತುದಿಗೆ ಅರಗು ಕಾಯಿಸಿ ಕಲ್ಲು ಅಂಟಿಸಿ, ಆ ಗುರುತೇ ನೆತ್ತಿಗೆ ಬರುವ ಹಾಗೆ ಚಕ್ರಕ್ಕೆ ಹಿಡಿದ. ಕಲ್ಲಿನೊಳಗೆ ಕಬ್ಬಿಣದ ಅಂಶದ ಸಣ್ಣ ಸಣ್ಣ ಚೂರುಗಳು ಮೂರು ದಿಕ್ಕಿಗೆ ಸಾಲಾಗಿ, ಪದರ ಪದರವಾಗಿ ಕೂತಿರುತ್ತವೆ. ಒಂದೊಂದು ಸಾಲಿನಿಂದ ಒಂದೊಂದು ಬೆಳಕಿನ ಪಟ್ಟಿ. ಮೂರು ಪಟ್ಟಿ ಹಾಯುವ ಕಡೆ ಆರು ಗೆರೆಯ ನಕ್ಷತ್ರ. ತಳ ಆ ಪದರಕ್ಕೆ ಸಮವಾಗಿ ಬಂದರೆ ನಕ್ಷತ್ರ ನಟ್ಟನಡುವೆ ನಿಲ್ಲುತ್ತದೆ, ಓರೆಯಾದರೆ ಪಕ್ಕಕ್ಕೆ ಜಾರುತ್ತದೆ. ಆದರೆ ಸರಿಯಾಗಿ ಕೂರಿಸಲು ಹೋದರೆ ತೂಕ ಹೋಗುತ್ತದೆ, ಮಾರುವುದು ತೂಕದ ಲೆಕ್ಕದಲ್ಲಿ. ಹೊಟ್ಟೆಪಾಡು ಅಲ್ವಾ?

ನಾನು ಕೊಂಡದ್ದು 6.40 ಕ್ಯಾರೆಟ್, ಕೊಟ್ಟದ್ದು 3,000 ಬಾತ್. ಹನ್ನೆರಡು ಗೆರೆಯದ್ದನ್ನೂ ತೋರಿಸಿದಳು, ಬೆಲೆ ಕೇಳಿ ಮರ್ಯಾದೆಯಿಂದ ವಾಪಸ್ ಇಟ್ಟೆ. ನನ್ನ ಕಲ್ಲಿನ ನಕ್ಷತ್ರ ಚಿನ್ನದ ಬಣ್ಣದ್ದು. ಬಿಸಿಲಲ್ಲಿ ಕೈ ಆಡಿಸಿದರೆ ಕಲ್ಲಿನ ಮೇಲೆ ತೇಲಿದ ಹಾಗೆ ಓಡಾಡುತ್ತದೆ, ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಇದೇ ನನ್ನ ಕೆಲಸ. ಆಫೀಸಿನ ಟ್ಯೂಬ್‌ಲೈಟ್ ಕೆಳಗೆ ಮಾತ್ರ ಬರೀ ಕಪ್ಪು ಗುಂಡಿ. ಒಂದೇ ಕಡೆಯಿಂದ ಬೆಳಕು ಬಿದ್ದರೇ ನಕ್ಷತ್ರ.

ಇನ್ನು ತಕರಾರು. ನಕ್ಷತ್ರ ಕೂದಲೆಳೆಯಷ್ಟು ಎಡಕ್ಕಿದೆ, ಒಂದು ಗೆರೆ ಮಂದ. ಇದನ್ನು ನೋಡಿಯೇ ಕೊಂಡೆ. ನೋಡದೇ ಬಿಟ್ಟದ್ದು ಅಡಿಭಾಗ. ಮೂರರಲ್ಲಿ ಒಂದು ಪಾಲು ತೂಕ ಕೆಳಗಿನ ಹೊಟ್ಟೆಯಲ್ಲೇ ಇದೆ, ಉಂಗುರಕ್ಕೆ ಕೂರಿಸಿದ ಮೇಲೆ ಕಣ್ಣಿಗೆ ಬೀಳದ ಈ ಭಾಗಕ್ಕೂ ದುಡ್ಡು ಕೊಟ್ಟಿದ್ದೇನೆ. ಉಂಗುರ ಬೇರೆ ಎತ್ತರವಾಗಿ, ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗೆಲ್ಲ ಸಿಕ್ಕಿಕೊಳ್ಳುತ್ತದೆ. ಊರಿನ ನಮ್ಮ ಆಚಾರ್ರು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಕಲ್ಲು ತಿರುಗಿಸಿ, “ಏನಪ್ಪಾ, ತಳದಲ್ಲಿ ಗುಳಿ ಇದೆ, ಅರಗಿನ ಹಾಗೆ ಏನೋ ಮೆತ್ತವ್ರೆ. ಇದನ್ನ ಬೆಂಕಿ ಹತ್ರ ತರಲ್ಲ ನಾನು” ಅಂದರು. ಕಲ್ಲಿನ ಪದರಗಳಿಗೆ ಏಟು ಬಿದ್ದರೆ ಹಾಳೆಯ ಹಾಗೆ ಬಿಟ್ಟುಕೊಳ್ಳುತ್ತದೆ ಅಂತಲೂ ಹೇಳಿ, ಕೊಂಡಿ ಬೇಡವೆಂದು ಸುತ್ತಲೂ ಬೆಳ್ಳಿ ಪಟ್ಟಿ ಮಡಚಿ ಕೂರಿಸಿಕೊಟ್ಟರು. ಅಂಗಡಿಯಾಕೆ ಆ ಮೆತ್ತಿದ ವಿಷಯ ಒಂದು ಮಾತು ಹೇಳಬಹುದಿತ್ತು. ರೇಟಿಂಗ್‌ನ ಐದು ಸ್ಟಾರ್‌ನಲ್ಲಿ ಒಂದು ಕಡಿಮೆ ಕೊಡುತ್ತಿರುವುದು ಅದಕ್ಕೇ.

ನೀಲವೇ ಹೌದಾ ಅಂತ ಉಂಗುರಕ್ಕೆ ಕೂರಿಸುವ ಮೊದಲೇ ಮನೆಯಲ್ಲಿ ನೋಡಿಕೊಂಡೆ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಸಾಕು. ಕಲ್ಲಿನ ತೂಕ 1.28 ಗ್ರಾಂ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ಲೋಟಕ್ಕೆ ತಾಗದ ಹಾಗೆ ಮುಳುಗಿಸಿದೆ, 0.32 ತೋರಿಸಿತು, ಅಂದರೆ ಕಲ್ಲು ಸರಿಸಿದ ನೀರಿನ ತೂಕ. ಭಾಗಿಸಿದರೆ 4. ನೀಲದ ಸಾಂದ್ರತೆ ಅದೇ. ಹಳೇ ಕಲ್ಲು 1.60ಕ್ಕೆ 0.48, ಅಂದರೆ 3.3. ಆಮೇಲೆ ಲ್ಯಾಬ್‌ಗೂ ಕೊಟ್ಟೆ: ಸಹಜ ಕೊರಂಡಮ್ (ನೀಲದ ಖನಿಜದ ಹೆಸರು), ಕಾಯಿಸಿದ ಗುರುತಿಲ್ಲ.

ಮಾವನವರು ಮಾತ್ರ ಇದನ್ನು ನೀಲ ಅಂತ ಒಪ್ಪಿಲ್ಲ. ಶನಿಗೆ ನೀಲಿ ಬಣ್ಣದ್ದೇ ಆಗಬೇಕಂತೆ, “ಕರಿ ಕಲ್ಲಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ ಕೂತು ಹೋಗಿದ್ರಾ?” ಅಂತ ಪ್ರತಿ ಹಬ್ಬಕ್ಕೂ ಕೇಳುತ್ತಾರೆ. ಹಳೇ ಡಯೊಪ್ಸೈಡ್ ಈಗ ಮಗಳ ಪಾಲಾಗಿದೆ. ಅದರೊಳಗೆ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ ಇರುವುದರಿಂದ ದಾರಕ್ಕೆ ಕಟ್ಟಿ ತೂಗಿಬಿಟ್ಟು ಜೋರಾದ ಅಯಸ್ಕಾಂತ ಹತ್ತಿರ ತಂದರೆ ಮೆಲ್ಲಗೆ ಅತ್ತ ವಾಲುತ್ತದೆ. ಮನೆಗೆ ಬಂದವರಿಗೆಲ್ಲ ಅದು ಮಂತ್ರದ ಕಲ್ಲು ಅಂತ ತೋರಿಸುತ್ತಾಳೆ.