ತಾಮ್ರದ ಆಕ್ಸೈಡ್ ಯಾವುದೆಂದು ಹೇಳುವುದು ಯಾರು: ಎಕ್ಸ್‌ಪಿಎಸ್, ಓಜೆ, ಈಲ್ಸ್

ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮೇಲೆ ಕಪ್ಪು ಪದರ ಕೂರುತ್ತದೆ. ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಅಡಿಯಲ್ಲಿ ಇಟ್ಟಿಗೆ ಬಣ್ಣ. ಕಪ್ಪಗಿರುವುದು ಕ್ಯುಪ್ರಿಕ್ ಆಕ್ಸೈಡ್, ಕೆಂಪಗಿರುವುದು ಕ್ಯುಪ್ರಸ್. ಪದರ ದಪ್ಪಗಿದ್ದರೆ ಕಣ್ಣೇ ಸಾಕು. ಐದಾರು ನ್ಯಾನೋಮೀಟರ್ ಮಾತ್ರ ಇದ್ದರೆ?

ಎಲ್ಲರೂ ಮೊದಲು ನೋಡುವುದು ಎಕ್ಸ್‌ಪಿಎಸ್‌ನ 2ಪಿ ಪೀಕ್. ಎಕ್ಸ್‌ಪಿಎಸ್ ಎಂದರೆ ಎಕ್ಸ್-ರೇ ಹೊಡೆದು, ಮೇಲ್ಮೈಯಿಂದ ಹೊರಬೀಳುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವುದು; 2ಪಿ ಎಂದರೆ ತಾಮ್ರದ ಒಂದು ಒಳಕವಚದ ಎಲೆಕ್ಟ್ರಾನ್‌ಗಳ ಗೆರೆ. ಕ್ಯುಪ್ರಿಕ್ ಅಲ್ಲಿ ತಪ್ಪಿಸಿಕೊಳ್ಳುವುದಿಲ್ಲ. 940ರಿಂದ 945 ಇವಿ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ನಡುವೆ ದೊಡ್ಡ ಸ್ಯಾಟಲೈಟ್, ಅಂದರೆ ಮುಖ್ಯ ಪೀಕಿನ ಪಕ್ಕದ ಉಪಪೀಕ್, ಎದ್ದು ಕಾಣುತ್ತದೆ. ಆದರೆ ಬರೀ ಲೋಹ ಮತ್ತು ಕ್ಯುಪ್ರಸ್, ಎರಡರ ಪೀಕೂ 932.5ರ ಆಸುಪಾಸಿನಲ್ಲೇ ಕೂರುತ್ತವೆ. ನಾನು ಮೊದಲ ವರ್ಷ ಸ್ಯಾಟಲೈಟ್ ಇಲ್ಲವೆಂದು ‘ಶುದ್ಧ ತಾಮ್ರ’ ಎಂದು ಬರೆದುಬಿಟ್ಟೆ. ಅದು ಕ್ಯುಪ್ರಸ್ ಆಗಿತ್ತು.

ಅದನ್ನು ತೋರಿಸಿಕೊಟ್ಟಿದ್ದು ಓಜೆ ಗೆರೆ. ಒಳಗಿನ ಎಲೆಕ್ಟ್ರಾನ್ ಹೊರಬಿದ್ದ ಜಾಗಕ್ಕೆ ಮೇಲಿನದೊಂದು ಇಳಿದಾಗ, ಆ ಶಕ್ತಿಯಿಂದ ಹೊರಬೀಳುವ ಮತ್ತೊಂದು ಎಲೆಕ್ಟ್ರಾನ್‌ನ ಗೆರೆ ಅದು. ಅದೇ ಯಂತ್ರ, ಅದೇ ತುಂಡು, ಹತ್ತು ನಿಮಿಷ ಜಾಸ್ತಿ, ಅಷ್ಟೇ. ಅಲ್ಯೂಮಿನಿಯಂ ಎಕ್ಸ್-ರೇ ಬಳಸಿದಾಗ ಲೋಹದ ಗೆರೆ 568 ಇವಿ ಹತ್ತಿರ ಬರುತ್ತದೆ, ಕ್ಯುಪ್ರಸ್‌ನದು 570ರ ಹತ್ತಿರ. ಸುಮಾರು 1.8 ಇವಿ ಅಂತರ, ಕಣ್ಣಿಗೇ ಕಾಣುತ್ತದೆ. ಕ್ಯುಪ್ರಿಕ್‌ನ ಗೆರೆ ಇವೆರಡರ ನಡುವೆ ಬಂದು ಕೂರುವುದರಿಂದ ಬೆರಕೆ ಇದ್ದಾಗ ಓಜೆ ಒಂದನ್ನೇ ನಂಬಬಾರದು. ಅಲ್ಲಿ ಮತ್ತೆ 2ಪಿ ಸ್ಯಾಟಲೈಟ್ ಬೇಕು.

ಇನ್ನೊಂದು ಮಾತು. ಮೇಲ್ಮೈ ಕೊಳೆ ತೆಗೆಯಲು ಸುಮ್ನೆ ಆರ್ಗಾನ್ ಅಯಾನುಗಳನ್ನು ಹೊಡೆಯಬೇಡಿ. ನನ್ನ ಕಣ್ಣೆದುರೇ ಸ್ಯಾಟಲೈಟ್ ಕುಗ್ಗುತ್ತಾ ಹೋಯಿತು. ಅಯಾನುಗಳ ಹೊಡೆತಕ್ಕೆ ಕ್ಯುಪ್ರಿಕ್ ಆಮ್ಲಜನಕ ಕಳೆದುಕೊಂಡು ಕ್ಯುಪ್ರಸ್ ಆಗುತ್ತದೆ. ಎಕ್ಸ್-ರೇ ಕೆಳಗೆ ಬಹಳ ಹೊತ್ತು ಇಟ್ಟರೂ ಅದೇ ಪಾಡು. ಈಗ ನಾನು 2ಪಿಯನ್ನು ಮೊದಲೇ ಬೇಗ ತೆಗೆದು, ಕೊನೆಗೆ ಇನ್ನೊಮ್ಮೆ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಈಲ್ಸ್ ಎಂದರೆ ತೆಳ್ಳಗಿನ ತುಂಡಿನ ಮೂಲಕ ಎಲೆಕ್ಟ್ರಾನ್ ಕಿರಣ ಹಾಯಿಸಿ, ಅದು ಕಳೆದುಕೊಂಡ ಶಕ್ತಿ ಅಳೆಯುವುದು. ಅದು ಲೋಹ, ಕ್ಯುಪ್ರಸ್, ಕ್ಯುಪ್ರಿಕ್ ಮೂರನ್ನೂ ಬೇರೆ ಮಾಡುತ್ತದೆ. ಕ್ಯುಪ್ರಿಕ್‌ಗೆ 931ರ ಹತ್ತಿರ ಚೂಪು ಗೆರೆ, ಕ್ಯುಪ್ರಸ್‌ನದು ಎರಡು ಮೂರು ಇವಿ ಮೇಲೆ. ಲೋಹಕ್ಕೆ ಅಂಥ ಚೂಪು ಗೆರೆಯೇ ಇಲ್ಲ. ಯಾವ ಪದರ ಎಲ್ಲಿ ಮುಗಿಯುತ್ತದೆ ಎಂಬುದನ್ನು ನ್ಯಾನೋಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ, ಈ ಕೆಲಸಕ್ಕೆ ಎಕ್ಸ್‌ಪಿಎಸ್ ಸಾಲದು. ಆದರೆ ತುಂಡನ್ನು ಎಲೆಗಿಂತ ಸಾವಿರಾರು ಪಟ್ಟು ತೆಳ್ಳಗೆ ಮಾಡಲು ನನಗೆ ಎರಡು ದಿನ ಹಿಡಿಯಿತು. ಎಲೆಕ್ಟ್ರಾನ್ ಕಿರಣವೂ ಕ್ಯುಪ್ರಿಕ್ ಅನ್ನು ಬದಲಿಸಬಲ್ಲದು.

‘ಏನಿದೆ’ ಎಂಬ ಪ್ರಶ್ನೆಗೆ ನನ್ನ ಆಯ್ಕೆ 2ಪಿ ಮತ್ತು ಓಜೆ ಜೋಡಿ. ‘ಎಲ್ಲಿದೆ’ ಎಂದಾಗ ಮಾತ್ರ ಈಲ್ಸ್. ಮೊನ್ನೆ ಜೂನಿಯರ್ ಒಬ್ಬಳು ಬರೀ 2ಪಿ ತಂದಳು. ತುಂಡು ಇನ್ನೂ ಯಂತ್ರದೊಳಗೇ ಇತ್ತು, ಓಜೆ ಗೆರೆ ಬರುವ 560ರಿಂದ 580ರವರೆಗೂ ಒಮ್ಮೆ ತೆಗೆದುಕೊಂಡು ಬಾ ಅಂದೆ.